ಪಂಜೆ ಮಂಗೇಶರಾಯರು: ಪದವಿಯ ಮೇಲೆ ತರಬೇತಿ ಪಡೆದ ಮಾಸ್ತರರು

ಸುರತ್ಕಲ್ ಬಳಿಯ ಚೇಳ್ಯಾರಿನಲ್ಲಿ ಅಗೋಳಿ ಮಂಜಣನ ಹೆಸರು ಕೇಳದ ಹಿರಿಯರಿಲ್ಲ. ತುಳುವರ ಬಾಯಲ್ಲಿದ್ದ ಈ ಬಲಶಾಲಿಯ ಕಥೆಯನ್ನು ಕನ್ನಡದ ಮಕ್ಕಳಿಗೆ ಬರೆದು ಕೊಟ್ಟವರು ಪಂಜೆ ಮಂಗೇಶರಾಯರು. ಅವರನ್ನು ನಾವು ಕವಿಯೆಂದು ನೆನೆಯುತ್ತೇವೆ. ಆದರೆ ಜೀವನವೆಲ್ಲ ಅವರು ಮಾಡಿದ್ದು ಮಾಸ್ತರಿಕೆ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ. ಹೊರಗೆ ತುಳು, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಬಡತನವಿತ್ತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸಕ್ಕೆ ಸೇರಿದ ಮೇಲೂ ಅವರು ಓದು ನಿಲ್ಲಿಸಲಿಲ್ಲ. ಬಿ.ಎ. ಮುಗಿಸಿದರು, ಎಲ್.ಟಿ. ಕೂಡ ಪಡೆದರು.

ಈ ಎಲ್.ಟಿ. ಎಂದರೇನೆಂದು ಇಂದಿನ ಬಿ.ಎಡ್. ವಿದ್ಯಾರ್ಥಿಗಳಿಗೆ ಹೇಳಬೇಕಾದೀತು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಪದವೀಧರನೊಬ್ಬ ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ ಕಲಿಸುವ ಅರ್ಹತೆ ಗಳಿಸಲು ಪಡೆಯುತ್ತಿದ್ದ ತರಬೇತಿ ಅದು. ಮದ್ರಾಸಿನ ಸೈದಾಪೇಟೆಯ ಟೀಚರ್ಸ್ ಕಾಲೇಜು ಅದಕ್ಕೆ ಹೆಸರಾಗಿತ್ತು.

ಕಲಿತದ್ದನ್ನು ಪಂಜೆಯವರು ಕಡತದಲ್ಲಿಡಲಿಲ್ಲ. ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿಹಳ್ಳಿ ಸುತ್ತಿದರು. ಇನ್‌ಸ್ಪೆಕ್ಟರ್ ಎಂದರೆ ಮಾಸ್ತರರೂ ನಡುಗುತ್ತಿದ್ದ ಕಾಲದಲ್ಲಿ ಇವರು ಮಕ್ಕಳ ನಡುವೆ ಕುಳಿತು ಹಾಡು, ಕಥೆ ಹೇಳುತ್ತಿದ್ದರು. ಇಂಗ್ಲಿಷ್ ರಾಜರ ಪಟ್ಟಿ ಬಾಯಿಪಾಠ ಮಾಡುವ ಮಗುವಿಗೆ ತನ್ನೂರಿನ ಕೋಟಿ ಚೆನ್ನಯರ ಕಥೆ ಓದಲು ಸಿಗಲಿ ಎಂದು ಅದನ್ನೂ ಬರೆದರು. ಬಾಸೆಲ್ ಮಿಶನ್ ಪ್ರೆಸ್ಸಿಗಾಗಿ ಶಾಲಾ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟುವಲ್ಲಿ ಮುಂದೆ ನಿಂತರು.

ಮುಂದೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಹೊರಗಿನಿಂದ ಬಂದ ಮಾಸ್ತರರಿಗೆ ಕೊಡಗು ಹೊಸ ನಾಡು. ಅದರ ಬೆಟ್ಟ, ಕಾವೇರಿ, ವೀರರು, ಸುಗ್ಗಿಯ ಹಬ್ಬ ಎಲ್ಲವನ್ನೂ ಅರಿತುಕೊಂಡು ಹುತ್ತರಿ ಹಾಡು ಬರೆದರು. ಕೊಡವರು ಅದನ್ನು ತಮ್ಮದೇ ಹಾಡೆಂದು ಇಂದಿಗೂ ಹಾಡುತ್ತಾರೆ. ಸಮಾಜ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗಂತೂ ತಿಳಿಯದು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ಈಗ ಬಿ.ಎಡ್. ಎರಡು ವರ್ಷದ್ದಾಗಿದೆ. ಪಾಠಯೋಜನೆಯ ದಪ್ಪ ಪುಸ್ತಕಗಳೂ ಇವೆ. ಆದರೂ ಪಣಂಬೂರಿನಲ್ಲಿ ಬಂದರು ಬಂದಾಗ ಮನೆ ಬಿಟ್ಟವರು ಕಾಟಿಪಳ್ಳದಲ್ಲಿ ನೆಲೆಸಿದ ಚರಿತ್ರೆಯನ್ನು ಸುರತ್ಕಲ್ಲಿನ ಎಷ್ಟು ತರಗತಿಗಳಲ್ಲಿ ಹೇಳುತ್ತಾರೆ? ಆ ಮನೆಗಳ ಮೊಮ್ಮಕ್ಕಳೇ ಎದುರಿನ ಬೆಂಚಿನಲ್ಲಿ ಕುಳಿತಿರುತ್ತಾರೆ.

ಪಂಜೆಯವರು 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ನಾಗರಹಾವಿನ ಹಾಡು ಇಂದಿಗೂ ನಮ್ಮ ಚಿಕ್ಕ ಮಕ್ಕಳ ಬಾಯಲ್ಲಿದೆ.