ಗುರು ಮೊಗ್ಲಿಂಗ್

ಹರ್ಮನ್ ಮೊಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮಿನಲ್ಲಿ ಹುಟ್ಟಿದರು. ಬಾಸೆಲ್ ಮಿಶನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತರು. ನಮ್ಮ ಕಾಸರಗೋಡೂ ಆಗ ಅದೇ ಕೆನರಾ ಜಿಲ್ಲೆಗೆ ಸೇರಿತ್ತು.

ಮಕ್ಕಳು ದೇವರು ವಹಿಸಿಕೊಟ್ಟ ಹೊಣೆ; ಅವರನ್ನು ಬೆಳೆಸುವ ಕೆಲಸ ತಂದೆತಾಯಿಗಳದು ಮಾತ್ರವಲ್ಲ, ಸಭೆಯದೂ ಗುರುಗಳದೂ ಹೌದು ಎಂಬುದು ಕ್ರೈಸ್ತರ ನಂಬಿಕೆ. ಮೊಗ್ಲಿಂಗರು ಹಾಗೆಯೇ ನಡೆದರು. ಹುಡುಗರಿಗಾಗಿ ವಸತಿಶಾಲೆ ನಡೆಸಿ ಅವರ ನಡುವೆಯೇ ಬಾಳಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು.

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನು ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಗುರುವಿಗೆ ಒಬ್ಬ ಶಿಷ್ಯ ದೊರೆತನು. ಮನೆಯವರಿಗೆ ಮಗನು ದೂರವಾದನು. ಆ ನೋವನ್ನು ನಾವು ಮರೆಯಬಾರದು. ಕೌಂಡಿನ್ಯರು ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, ಮಂಗಳೂರಿನಲ್ಲಿ ತಾವೂ ತರುಣರಿಗೆ ಗುರುಗಳಾದರು.

ಮೊಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಅನ್ಯಮತದ ಗ್ರಂಥಗಳೆಂದು ಅವನ್ನು ದೂರವಿಡಲಿಲ್ಲ. ಕೊಡಗಿನಲ್ಲಿಯೂ ದುಡಿದು, 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ತೀರಿಕೊಂಡರು.

ಮನೆ, ಶಾಲೆ, ಊರು ಒಂದನ್ನೊಂದು ಗೌರವಿಸಿ ಕೈಜೋಡಿಸಿದರೆ ಮಾತ್ರ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಮೊಗ್ಲಿಂಗರ ದುಡಿಮೆಯಿಂದಲೂ ಆ ಮನೆಯವರ ನೋವಿನಿಂದಲೂ ನಾವು ಕಲಿಯಬೇಕಾದ ಪಾಠವಿದು.