ಟೆಸ್ಟ್ ಫೇಲ್ ಆದ ದಿನ ಸತೀಶ್ ಧವನ್ ಎಲ್ಲಿದ್ದರು?

1979ರ ಆಗಸ್ಟ್ 10. ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3 ರಾಕೆಟ್ ಹಾರೋದಕ್ಕೆ ಇನ್ನು 40 ಸೆಕೆಂಡ್ ಇತ್ತು. ರಾಕೆಟ್ಟಿನ ಒಂದೊಂದು ಭಾಗವನ್ನೂ ತಾನಾಗಿ ಪರೀಕ್ಷಿಸುತ್ತಾ ಬಂದಿದ್ದ ಕಂಪ್ಯೂಟರ್ ಕೌಂಟ್‌ಡೌನ್ ನಿಲ್ಲಿಸಿಬಿಟ್ಟಿತು. ಕಂಟ್ರೋಲ್ ವ್ಯವಸ್ಥೆಯಲ್ಲಿ ಸೋರಿಕೆ ಇದೆ ಅಂತ ಅದರ ಲೆಕ್ಕ. ಜೊತೆಗಿದ್ದ ತಜ್ಞರು ಬೇಕಾದಷ್ಟು ಉಳಿದಿದೆ, ಹೊರಡಬಹುದು ಅಂದರು. ಮಿಷನ್ ಡೈರೆಕ್ಟರ್ ಆಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ರಾಕೆಟ್ ಹಾರಿಸಿದರು. ಇದು ಕಲಾಂ ಅವರೇ ಆಮೇಲೆ ಎಷ್ಟೋ ಸಲ ಹೇಳಿಕೊಂಡ ಕಥೆ. ಮೊದಲ ಹಂತ ಸರಿಯಾಗಿ ಹೋಯಿತು, ಎರಡನೇ ಹಂತ ಹಿಡಿತ ತಪ್ಪಿತು. ಹಾರಿದ 317 ಸೆಕೆಂಡಿಗೆ ಎಲ್ಲಾ ಬಂಗಾಳ ಕೊಲ್ಲಿಯ ಪಾಲು.

ಅವತ್ತು ಪತ್ರಕರ್ತರ ಎದುರು ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ತಂಡದ ಮೇಲೆ ನಂಬಿಕೆ ಇದೆ, ಮುಂದಿನ ವರ್ಷ ಗೆಲ್ತೀವಿ ಅಂತ ತಿಳಿಸಿದರು. ಈ ಕಥೆ ವಾಟ್ಸಾಪ್‌ನಲ್ಲಿ ಲೀಡರ್‌ಶಿಪ್ ಪಾಠವಾಗಿ ಓಡಾಡ್ತಾನೇ ಇರುತ್ತೆ. ನನ್ನನ್ನು ಕಾಡೋದು ಅದರೊಳಗಿರೋ ಒಂದು ಪ್ರಶ್ನೆ: ಯಂತ್ರ ತೋರಿಸಿದ ಕೆಂಪು ದೀಪವನ್ನು ಮನುಷ್ಯರು ದಾಟಿ ಹೋದಾಗ, ಲೆಕ್ಕ ಕೊಡೋರು ಯಾರು?

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಎಂಜಿನಿಯರಿಂಗ್ ಓದೋಕೆ ಹೋದವನು ನಾನು. ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡ್ತಿದ್ದೆ. ರ‍್ಯಾಕ್ ತುಂಬಾ ಫೋನುಗಳು, ಬೋರ್ಡುಗಳು. ಪ್ರತಿ ರಾತ್ರಿ ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಅವುಗಳಿಗೆ ತಾನಾಗಿ ಇನ್‌ಸ್ಟಾಲ್ ಆಗುತ್ತಿತ್ತು. ರೀಬೂಟ್ ಆಗಿ, ಕ್ಯಾಮೆರಾ, ವೈಫೈ, ಬ್ಯಾಟರಿ ಅಂತ ಒಂದೊಂದಾಗಿ ಪರೀಕ್ಷೆ ನಡೆದು, ಬೆಳಗ್ಗೆ ಹೊತ್ತಿಗೆ ಸ್ಕ್ರೀನ್ ಮೇಲೆ ಹಸಿರು, ಕೆಂಪು ಸಾಲುಗಳು. ಕಂಪ್ಯೂಟರ್ ಒಳಗಿನ ನಕಲಿ ಫೋನಿನಲ್ಲಿ ಪಾಸಾದ ಸಾಫ್ಟ್‌ವೇರ್ ನಿಜವಾದ ಫೋನಿನಲ್ಲಿ ಮುಗ್ಗರಿಸೋದು ಮಾಮೂಲಿ. ಅದಕ್ಕೇ ಇಷ್ಟೆಲ್ಲಾ ಏರ್ಪಾಡು. ಆದರೆ ರಿಲೀಸ್ ದಿನ ಹತ್ತಿರ ಬಂದ ಹಾಗೆ ಕೆಲವು ಕೆಂಪು ಸಾಲುಗಳ ಪಕ್ಕ ಪರವಾಗಿಲ್ಲ ಅನ್ನೋ ಷರಾ ಬೀಳ್ತಿತ್ತು. ಷರಾ ಬರೆದವರ ಹೆಸರು ಮಾತ್ರ ಇರ್ತಿರಲಿಲ್ಲ. ಧವನ್ ಬದುಕನ್ನು ಹುಡುಕಿ ಓದೋಕೆ ಶುರು ಮಾಡಿದ್ದು ಆಗ.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಹುಟ್ಟಿದ ಧವನ್, ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಲ್ಲವನ್ನೂ ಓದಿದವರು. ಆಮೇಲೆ ಅಮೆರಿಕದ ಮಿನ್ನೆಸೋಟಾ, ಅಲ್ಲಿಂದ ಕ್ಯಾಲ್ಟೆಕ್. ಹಾನ್ಸ್ ಲೀಪ್‌ಮನ್ ಬಳಿ 1951ರಲ್ಲಿ ಪಿಎಚ್‌ಡಿ ಮುಗಿಸಿದರು. ಗಾಳಿ ಒಂದು ಮೇಲ್ಮೈಯನ್ನು ಸವರಿಕೊಂಡು ಹೋಗುವಾಗ ಎಷ್ಟು ಘರ್ಷಣೆ ಆಗುತ್ತೆ ಅನ್ನೋದು ವಿಷಯ. ಸೂತ್ರದಿಂದ ಅಂದಾಜು ಮಾಡಬಹುದಿತ್ತು. ಧವನ್ ಫಲಕದ ಒಂದು ಚಿಕ್ಕ ತುಣುಕನ್ನು ಬಿಡಿಯಾಗಿಟ್ಟು, ಅದರ ಮೇಲೆ ಬೀಳುವ ಬಲವನ್ನೇ ನೇರವಾಗಿ ಅಳೆದರು. ಲೆಕ್ಕ ಏನೇ ಹೇಳಲಿ, ವಸ್ತುವಿನ ಮೇಲೇ ಪರೀಕ್ಷಿಸಿ ನೋಡುವ ಸ್ವಭಾವ.

ಅದೇ ವರ್ಷ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಸೂಪರ್‌ಸಾನಿಕ್ ವಿಂಡ್ ಟನಲ್ ಕಟ್ಟಿಸಿದರು. 1962ರಲ್ಲಿ ಅದರ ನಿರ್ದೇಶಕರಾಗಿ 1981ರವರೆಗೂ ಇದ್ದರು. 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ತೀರಿಕೊಂಡ ಮೇಲೆ ಇಂದಿರಾ ಗಾಂಧಿ ಇಸ್ರೋ ನಡೆಸಲು ಕರೆದರು. ಧವನ್ ಷರತ್ತು ಎರಡು: ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟ ಉಪಗ್ರಹ ತಯಾರಾಗಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಕುಣಿಗಲ್ ಬಸ್ ಹತ್ತಿ ಬೆಂಗಳೂರಿಗೆ ಹೋಗೋ ನಾವೆಲ್ಲಾ ನೆಲಮಂಗಲ ದಾಟಿದ ಮೇಲೆ ಹಾದುಹೋಗ್ತೀವಲ್ಲ, ಅದೇ ಪೀಣ್ಯ.

ಕೆಲಸ ಮಾಡಿದವರೇ ತಮಗೆ ತಾವು ಮಾರ್ಕ್ಸ್ ಹಾಕಿಕೊಳ್ಳಬಾರದು ಅನ್ನೋದು ಧವನ್ ಕಾಲದ ಇಸ್ರೋ ಪದ್ಧತಿಯಾಯ್ತು. ಯೋಜನೆಗಳನ್ನು ಹೊರಗಿನ ತಜ್ಞರೂ ಇದ್ದ ಸಮಿತಿಗಳು ಪರಿಶೀಲಿಸುತ್ತಿದ್ದವು. 1979ರ ಸೋಲನ್ನೂ ಬಿಡಿಸಿ ನೋಡಿದರು. ಹಾರೋಕೆ 8 ನಿಮಿಷ ಇದ್ದಾಗ ತೆರೆದ ಒಂದು ವಾಲ್ವ್, ಕಸ ಸಿಕ್ಕಿಕೊಂಡು ಮತ್ತೆ ಮುಚ್ಚಿರಲಿಲ್ಲ. ಎರಡನೇ ಹಂತವನ್ನು ನಿಯಂತ್ರಿಸಬೇಕಿದ್ದ ನೈಟ್ರಿಕ್ ಆಮ್ಲ ಅಲ್ಲಿಂದ ಸೋರಿಹೋಗಿತ್ತು. ಕಂಪ್ಯೂಟರ್ ಸರಿಯಾಗೇ ಹೇಳಿತ್ತು. ಕಲಾಂ ಕೆಲಸ ಹೋಗಲಿಲ್ಲ, ತಂಡ ಚದುರಲಿಲ್ಲ. ಬೈಗುಳದ ಭಯ ಇದ್ದಿದ್ದರೆ ಆ ವಾಲ್ವಿನ ಕಥೆ ಇಷ್ಟು ನೇರವಾಗಿ ಹೊರಗೆ ಬರ್ತಿತ್ತಾ? ನನಗೆ ಅನುಮಾನ. 1980ರ ಜುಲೈ 18ರಂದು ಅದೇ ತಂಡ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅವತ್ತು ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು.

ಇದು ಹಳೇ ಕಥೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಚಿಕ್ಕ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಫೈಲನ್ನು ತಪಾಸಣೆ ಮಾಡಬೇಕಿದ್ದ ಸಾಫ್ಟ್‌ವೇರಿನಲ್ಲೇ ದೋಷವಿತ್ತು. ಮೊದಲು ಒಂದಷ್ಟು ಕಂಪ್ಯೂಟರುಗಳಿಗೆ ಮಾತ್ರ ಕಳಿಸಿ ನೋಡಿದ್ದರೆ ಗೊತ್ತಾಗ್ತಿತ್ತು. ಅದನ್ನ ಮಾಡದೆ ಎಲ್ಲರಿಗೂ ಒಟ್ಟಿಗೇ ಕಳಿಸಿದ್ದರು.

ನಮ್ಮ ಹಳ್ಳಿಗಳಲ್ಲಿ ಇದರ ರೂಪ ಬೇರೆ. ನ್ಯಾಯಬೆಲೆ ಅಂಗಡಿಯ ಮೆಷಿನ್ ಅಜ್ಜಿಯ ಹೆಬ್ಬೆಟ್ಟು ಒಪ್ಪಲ್ಲ, ಸರ್ವರ್ ಇಲ್ಲ ಅನ್ನೋ ಉತ್ತರ ಸಿಗುತ್ತೆ, ಒಂದು ದಿನದ ಕೂಲಿ ಹೋಗುತ್ತೆ. ಸವೆದ ಬೆರಳಿನ ಮೇಲೆ, ಸಿಗ್ನಲ್ ಇಲ್ಲದ ಊರಿನಲ್ಲಿ ಆ ಮೆಷಿನ್ ಪರೀಕ್ಷೆ ಆಗಿತ್ತಾ? ಫೇಲ್ ಆಗಿದ್ದರೆ, ಪರವಾಗಿಲ್ಲ ಅಂತ ಸಹಿ ಹಾಕಿದವರು ಯಾರು? ಸರ್ಕಾರಿ ಸಾಫ್ಟ್‌ವೇರಿನ ಟೆಸ್ಟ್ ವರದಿ, ಒಪ್ಪಿಗೆ ಕೊಟ್ಟ ಅಧಿಕಾರಿಯ ಹೆಸರಿನ ಸಮೇತ ಜನರಿಗೆ ಸಿಗಬೇಕು. ಇದು ನಾವು ಮಾಹಿತಿ ಹಕ್ಕಿನ ಅರ್ಜಿಗಳಲ್ಲಿ, ಗ್ರಾಮಸಭೆಗಳಲ್ಲಿ ಕೇಳಬೇಕಾದ ರಾಜಕೀಯ ಪ್ರಶ್ನೆ.

ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರಿಟ್ಟರು. ರಾಕೆಟ್ ಸಮುದ್ರಕ್ಕೆ ಬಿದ್ದ ದಿನ ಅವರು ಎದ್ದು ಬಂದು ಕೂತಿದ್ದು ಅಲ್ಲೇ.