ದಿನಾ ರಾತ್ರಿ ಒಂದು ಕಪ್ಪು ಚುಕ್ಕೆ: ಬೆಂಜಮಿನ್ ಫ್ರಾಂಕ್ಲಿನ್ ಬದುಕು ಬದಲಿಸಿದ ಪುಟ್ಟ ಪುಸ್ತಕದ ಕಥೆ

ಹೊಸ ವರ್ಷದ ಮೊದಲ ದಿನ ಬೆಳಗ್ಗೆ ಐದಕ್ಕೆ ಅಲಾರಂ ಇಡುವವರು ಬಹಳ ಮಂದಿ. ಮೂರನೇ ವಾರದ ಹೊತ್ತಿಗೆ ಆ ಅಲಾರಂ ಆಫ್ ಆಗಿರುತ್ತದೆ. ಸಿಗರೇಟ್ ಬಿಡಬೇಕು, ಸಿಟ್ಟು ಕಡಿಮೆ ಮಾಡಬೇಕು, ದುಡ್ಡು ಉಳಿಸಬೇಕು ಎಂದೆಲ್ಲ ಒಂದೇ ಬಾರಿಗೆ ಹೊರಟರೆ ಒಂದೂ ಕೈಗೂಡುವುದಿಲ್ಲ. ಸುಮಾರು 300 ವರ್ಷಗಳ ಹಿಂದೆ ಫಿಲಡೆಲ್ಫಿಯಾದ ಒಬ್ಬ ಯುವ ಮುದ್ರಕರೂ ಹೀಗೇ ಸೋತಿದ್ದರು. ಆದರೆ ಸೋತಾಗ ಕೈಬಿಡುವ ಬದಲು ಪ್ರತಿ ರಾತ್ರಿ ಆ ಸೋಲನ್ನು ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕತೊಡಗಿದರು. ಅವರೇ ಬೆಂಜಮಿನ್ ಫ್ರಾಂಕ್ಲಿನ್.

ಎರಡೇ ವರ್ಷದ ಶಾಲೆ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಮೇಣದಬತ್ತಿ ಮತ್ತು ಸೋಪು ತಯಾರಿಸುತ್ತಿದ್ದರು. ತಂದೆಯ 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆಗೆ ಹೋಗಿದ್ದು ಎರಡು ವರ್ಷ ಮಾತ್ರ. 12ನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು.

ಅಲ್ಲಿ ಹುಡುಗ ಒಂದು ಉಪಾಯ ಹೂಡಿದ. ಸುಮಾರು 16ನೇ ವಯಸ್ಸಿನಲ್ಲಿ ಮಾಂಸಾಹಾರ ಬಿಟ್ಟು, ತನ್ನ ಊಟಕ್ಕೆ ಖರ್ಚಾಗುವ ಹಣದಲ್ಲಿ ಅರ್ಧದಷ್ಟನ್ನು ಕೈಗೇ ಕೊಡುವಂತೆ ಅಣ್ಣನನ್ನು ಕೇಳಿದ. ಅಣ್ಣ ಒಪ್ಪಿದ. ಬಂದ ಹಣದಲ್ಲೂ ಅರ್ಧ ಉಳಿಯಿತು. ಉಳಿದದ್ದೆಲ್ಲ ಪುಸ್ತಕಕ್ಕೆ ಹೋಯಿತು. ಉಳಿದವರು ಊಟಕ್ಕೆ ಹೋದಾಗ ರೊಟ್ಟಿ, ಒಣದ್ರಾಕ್ಷಿ ತಿಂದು ಮುಗಿಸಿ, ಮಿಕ್ಕ ಸಮಯದಲ್ಲಿ ಓದುತ್ತಿದ್ದ.

ಬರವಣಿಗೆ ಕಲಿತದ್ದೂ ಹೀಗೆಯೇ. ಲಂಡನ್‌ನ 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುವುದು, ಕೆಲವು ದಿನ ಬಿಟ್ಟು ಅದನ್ನೇ ತನ್ನ ಮಾತಿನಲ್ಲಿ ಬರೆಯುವುದು, ಮೂಲದ ಜೊತೆ ಹೋಲಿಸಿ ತಪ್ಪು ತಿದ್ದುವುದು. ಕೆಲಸಕ್ಕೆ ಮುಂಚೆ, ಕೆಲಸ ಮುಗಿದ ಮೇಲೆ ಸಿಗುತ್ತಿದ್ದ ಸ್ವಲ್ಪ ಹೊತ್ತೇ ಇದಕ್ಕೆ ಮೀಸಲು.

ಅಣ್ಣನ ಹೊಡೆತ ತಾಳಲಾರದೆ 1723ರಲ್ಲಿ, 17ನೇ ವಯಸ್ಸಿನಲ್ಲಿ ಫಿಲಡೆಲ್ಫಿಯಾಗೆ ಓಡಿಹೋದರು. ಕೈಯಲ್ಲಿ ಹಣ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಲಂಡನ್‌ಗೂ ಹೋಗಿ ಬಂದರು. ಆ ವರ್ಷಗಳಲ್ಲಿ ತಪ್ಪುಗಳೂ ಸಾಲುಸಾಲಾಗಿ ಆದವು. ಬೇರೆಯವರು ನಂಬಿ ಕೊಟ್ಟ ಹಣವನ್ನು ಖರ್ಚು ಮಾಡಿದರು. ಮದುವೆಯ ಮಾತಾಡಿದ್ದ ಡೆಬೊರಾಳನ್ನು ಲಂಡನ್‌ನಲ್ಲಿದ್ದಾಗ ಮರೆತೇಬಿಟ್ಟಿದ್ದರು. ಮುಂದೆ ಆತ್ಮಕಥೆ ಬರೆದಾಗ ಈ ತಪ್ಪುಗಳನ್ನು ಅವರು ಕರೆದದ್ದು ಮುದ್ರಣ ದೋಷಗಳೆಂದು. ಅಚ್ಚಿನ ಮನೆಯಲ್ಲಿ ಬೆಳೆದವರಿಗೆ ತಪ್ಪು ಎಂದರೆ ಮುಂದಿನ ಆವೃತ್ತಿಯಲ್ಲಿ ತಿದ್ದಬಹುದಾದದ್ದು.

ವಾರಕ್ಕೆ ಒಂದೇ ಗುಣ

ಮುದ್ರಣ ವೃತ್ತಿಯಲ್ಲಿ ನೆಲೆಯೂರುತ್ತಿದ್ದ ದಿನಗಳಲ್ಲಿ ಫ್ರಾಂಕ್ಲಿನ್‌ಗೆ ದೋಷವೇ ಇಲ್ಲದ ಮನುಷ್ಯನಾಗುವ ಹಟ ಹುಟ್ಟಿತು. ಒಂದು ತಪ್ಪನ್ನು ಕಾಯುತ್ತಿದ್ದರೆ ಇನ್ನೊಂದು ಹಿಂಬಾಗಿಲಿಂದ ನುಗ್ಗುತ್ತಿತ್ತು. ಒಳ್ಳೆಯ ಉದ್ದೇಶವೊಂದೇ ಸಾಲದು, ಕೆಟ್ಟ ಅಭ್ಯಾಸ ಮುರಿದು ಒಳ್ಳೆಯದನ್ನು ರೂಢಿ ಮಾಡಿಕೊಳ್ಳಬೇಕು ಎಂದು ಆಗ ಅರ್ಥವಾಯಿತು.

ಅವರು 12 ಗುಣಗಳ ಪಟ್ಟಿ ಮಾಡಿದರು. ಊಟ-ಪಾನದಲ್ಲಿ ಮಿತಿ, ಮಾತಿನಲ್ಲಿ ಮಿತಿ, ಅಚ್ಚುಕಟ್ಟು, ದೃಢ ನಿಶ್ಚಯ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ ಇತ್ಯಾದಿ. ಸ್ನೇಹಿತರೊಬ್ಬರು, ನಿಮಗೆ ಅಹಂಕಾರ ಜಾಸ್ತಿ ಎಂದು ನೇರವಾಗಿ ಹೇಳಿದ್ದರಿಂದ 13ನೆಯದಾಗಿ ವಿನಯವೂ ಸೇರಿತು.

ಪುಟ್ಟ ಪುಸ್ತಕದ ಒಂದೊಂದು ಪುಟ ಒಂದೊಂದು ಗುಣಕ್ಕೆ. ಕೆಂಪು ಶಾಯಿಯ ಗೆರೆ ಎಳೆದು, ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ 13 ಗುಣಗಳ ಮೊದಲಕ್ಷರ. ರಾತ್ರಿ ಕೂತು, ಅಂದು ಎಲ್ಲಿ ಎಡವಿದ್ದೇನೆ ಎಂದು ನೋಡಿ ಆ ಮನೆಯಲ್ಲಿ ಕಪ್ಪು ಚುಕ್ಕೆ ಇಡುವುದು. ಗಮನ ಮಾತ್ರ ವಾರಕ್ಕೆ ಒಂದೇ ಗುಣದ ಮೇಲೆ. ಆ ಒಂದು ಸಾಲು ಚುಕ್ಕೆ ಇಲ್ಲದೆ ಉಳಿದರೆ ಸಾಕು. ತೋಟದ ಕಳೆಯನ್ನು ಯಾರೂ ಒಂದೇ ದಿನ ಕೀಳುವುದಿಲ್ಲ, ಒಂದೊಂದೇ ಪಾತಿ ಮುಗಿಸುತ್ತಾರೆ ಎಂಬುದು ಅವರ ಲೆಕ್ಕ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಫಲಿತಾಂಶ? ತಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ತಪ್ಪುಗಳಿವೆ ಎಂದು ತಿಳಿದು ಫ್ರಾಂಕ್ಲಿನ್ ಬೆಚ್ಚಿಬಿದ್ದರು. ಹಳೆಯ ಚುಕ್ಕೆ ಕೆರೆದು ಹೊಸದು ಇಟ್ಟು ಪುಸ್ತಕದ ಹಾಳೆಗಳೇ ತೂತಾದವು. ಕೊನೆಗೆ ದಂತದ ಹಾಳೆಗಳಿಗೆ ಬದಲಾಯಿಸಿ, ಒದ್ದೆ ಸ್ಪಂಜಿನಿಂದ ಒರೆಸತೊಡಗಿದರು.

ಕೊನೆವರೆಗೂ ಬಾರದ ಅಚ್ಚುಕಟ್ಟು

ಎಲ್ಲದಕ್ಕಿಂತ ಕಷ್ಟವಾದದ್ದು ಅಚ್ಚುಕಟ್ಟು. ವಸ್ತುಗಳನ್ನು ಅದರದರ ಜಾಗದಲ್ಲಿ ಇಡುವುದು, ಕೆಲಸಗಳನ್ನು ಅದರದರ ಹೊತ್ತಿಗೆ ಮಾಡುವುದು ಅವರಿಗೆ ಮುಪ್ಪಿನವರೆಗೂ ಒಗ್ಗಲಿಲ್ಲ. ಬೆಳಗ್ಗೆ ಐದಕ್ಕೆ ಏಳು, ರಾತ್ರಿ ಹತ್ತಕ್ಕೆ ಮಲಗು ಎಂಬ ಅವರ ದಿನಚರಿಯನ್ನು ಇಂದಿಗೂ ಜಗತ್ತು ಮಾದರಿಯಾಗಿ ಹಂಚಿಕೊಳ್ಳುತ್ತದೆ. ಅದನ್ನು ಪಾಲಿಸಲು ಆಗಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದು ಮಾತ್ರ ಅಷ್ಟಾಗಿ ಪ್ರಚಾರವಾಗಿಲ್ಲ.

ವಿನಯದ ಕಥೆಯೂ ಅಷ್ಟೇ. ಒಳಗಿನ ಅಹಂಕಾರ ಹೋಗಲಿಲ್ಲ ಎಂದು ಅವರಿಗೇ ಗೊತ್ತಿತ್ತು. ಆದರೆ ಒಂದು ಸಣ್ಣ ರೂಢಿ ಮಾಡಿಕೊಂಡರು. ಖಂಡಿತ, ನಿಸ್ಸಂದೇಹ ಎಂಬಂಥ ಮಾತು ಬಿಟ್ಟು, ನನಗೆ ಹೀಗನ್ನಿಸುತ್ತದೆ ಎನ್ನತೊಡಗಿದರು. ಎದುರಿನವರು ತಪ್ಪು ಹೇಳಿದರೂ ತಕ್ಷಣ ಕತ್ತರಿಸಿ ಮಾತಾಡುವುದನ್ನು ನಿಲ್ಲಿಸಿದರು. ತಾನು ಒಳ್ಳೆಯ ಭಾಷಣಕಾರನಲ್ಲದಿದ್ದರೂ ಸಭೆಗಳಲ್ಲಿ ಜನ ತನ್ನ ಮಾತು ಕೇಳಿದ್ದಕ್ಕೆ ಈ ರೂಢಿಯೇ ಕಾರಣ ಎಂದು ಅವರು ನಂಬಿದ್ದರು. ಅಂಥ ಸಭೆಗಳಲ್ಲಿ 1776ರ ಸ್ವಾತಂತ್ರ್ಯ ಘೋಷಣೆಯ ಸಭೆಯೂ ಇತ್ತು, 1787ರ ಸಂವಿಧಾನ ಸಭೆಯೂ ಇತ್ತು.

ಒರೆಸಲಾಗದ ಚುಕ್ಕೆ

13 ಗುಣಗಳಲ್ಲಿ ಒಂಬತ್ತನೆಯದು ಸಂಯಮ. ಅನ್ಯಾಯವಾದಾಗ ಅತಿಯಾಗಿ ಸಿಟ್ಟು ಇಟ್ಟುಕೊಳ್ಳಬಾರದು ಎಂಬುದು ಅದರ ತಿರುಳು. ಫ್ರಾಂಕ್ಲಿನ್ ದೊಡ್ಡದಾಗಿ ಎಡವಿದ್ದು ಇಲ್ಲಿಯೇ.

ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರ್ ಆಗಿದ್ದರು. ಸ್ವಾತಂತ್ರ್ಯ ಯುದ್ಧದಲ್ಲಿ ಅಪ್ಪ ಅಮೆರಿಕದ ಕಡೆ ನಿಂತರೆ, ಮಗ ಬ್ರಿಟಿಷ್ ದೊರೆಗೆ ನಿಷ್ಠರಾಗಿ ಉಳಿದು ಜೈಲು ಸೇರಿದರು. ಅವರು ಸೆರೆಯಲ್ಲಿದ್ದಾಗಲೇ ಪತ್ನಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ, 1784ರಲ್ಲಿ, ಮತ್ತೆ ಒಂದಾಗೋಣ ಎಂದು ವಿಲಿಯಂ ಅಪ್ಪನಿಗೆ ಪತ್ರ ಬರೆದರು. ಉತ್ತರ ಬಂತು, ಆದರೆ ಅದರಲ್ಲಿ ನೋವೇ ಹೆಚ್ಚಿತ್ತು. 1785ರಲ್ಲಿ ಇಂಗ್ಲೆಂಡ್‌ನ ಸೌತಾಂಪ್ಟನ್‌ನಲ್ಲಿ ಇಬ್ಬರೂ ಭೇಟಿಯಾದರೂ ನಡೆದದ್ದು ಹೆಚ್ಚಾಗಿ ಆಸ್ತಿಯ ಲೆಕ್ಕಾಚಾರ. ಉಯಿಲಿನಲ್ಲಿ ಮಗನಿಗೆ ಸಿಕ್ಕಿದ್ದು ಅತ್ಯಲ್ಪ.

ವಿಪರ್ಯಾಸ ಎಂದರೆ, ಫ್ರಾನ್ಸ್‌ನಲ್ಲಿದ್ದ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ 13 ಗುಣಗಳ ಭಾಗ ಬರೆದದ್ದು ಅದೇ 1784ರಲ್ಲಿ. ಆ ಆತ್ಮಕಥೆಯನ್ನು 1771ರಲ್ಲಿ ಅವರು ಆರಂಭಿಸಿದ್ದು ಇದೇ ಮಗನಿಗೆ ಬರೆದ ಪತ್ರದ ರೂಪದಲ್ಲಿ.

ಇನ್ನೊಂದು ದೊಡ್ಡ ತಪ್ಪನ್ನು ಮಾತ್ರ ಕೊನೆಗಾಲದಲ್ಲಿ ತಿದ್ದಿಕೊಂಡರು. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ, ತಮ್ಮ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಹಾಕಿದ್ದ ಫ್ರಾಂಕ್ಲಿನ್, 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯ ವಿರುದ್ಧ ಅಮೆರಿಕದ ಕಾಂಗ್ರೆಸ್‌ಗೆ ಹೋದ ಮನವಿಗೆ ಅವರ ಸಹಿ ಇತ್ತು. ಅದೇ ವರ್ಷ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ನಿಧನರಾದರು.

ಹನಿ ಹನಿ ಕೂಡಿದರೆ ಹಳ್ಳ

ಉಯಿಲಿನಲ್ಲಿ ಇನ್ನೊಂದು ಮಾತಿತ್ತು. ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್. ಅದನ್ನು ಯುವ ಕುಶಲಕರ್ಮಿಗಳಿಗೆ ಶೇ. 5ರ ಬಡ್ಡಿಗೆ ಸಾಲ ಕೊಡುತ್ತಾ 200 ವರ್ಷ ಬೆಳೆಸಬೇಕು. 100 ವರ್ಷವಾದಾಗ ಒಂದು ಭಾಗವನ್ನು ಊರಿನ ಕೆಲಸಕ್ಕೆ ಬಳಸಬಹುದು. 1990ರಲ್ಲಿ ಅವಧಿ ಮುಗಿದಾಗ ಫಿಲಡೆಲ್ಫಿಯಾದ ನಿಧಿ ಸುಮಾರು 20 ಲಕ್ಷ ಡಾಲರ್ ಆಗಿತ್ತು. ಬಾಸ್ಟನ್‌ನದು ಅದರ ದುಪ್ಪಟ್ಟಿಗಿಂತ ಹೆಚ್ಚು.

ಫ್ರಾಂಕ್ಲಿನ್ ಪರಿಪೂರ್ಣರಾಗಲಿಲ್ಲ. ವಯಸ್ಸಾದಂತೆ, ಪ್ರವಾಸ ಮತ್ತು ಕೆಲಸ ಹೆಚ್ಚಾದಂತೆ ಚುಕ್ಕೆ ಇಡುವುದೂ ನಿಂತುಹೋಯಿತು. ಆದರೂ ಪ್ರಯತ್ನ ಮಾಡದೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಒಳ್ಳೆಯವನೂ ಸುಖಿಯೂ ಆದೆ ಎಂಬ ಸಮಾಧಾನ ಅವರಿಗಿತ್ತು. ಆ ಪುಟ್ಟ ಪುಸ್ತಕವನ್ನು ಮಾತ್ರ ಅವರು ಹೋದಲ್ಲೆಲ್ಲ ಜೊತೆಗೆ ಇಟ್ಟುಕೊಂಡಿದ್ದರು.